ಆಪ್ತೋಪದೇಶವೂ ಲೋಕಪ್ರಸಾರವೂ: ಕನ್ನಡದಲ್ಲಿ ವೈದ್ಯವಿಚಾರದ ಪರಂಪರೆ

ರೋಗವನ್ನರಿಯುವುದಕ್ಕೆ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನವೆಂಬ ಮೂರು ಸಾಧನಗಳುಂಟೆಂದು ಚರಕಸಂಹಿತೆಯ ವಿಮಾನಸ್ಥಾನವು ಹೇಳುತ್ತದೆ. ಮೊದಲು ಆಪ್ತರ ಮಾತಿನಿಂದ ತಿಳಿದು, ಬಳಿಕ ಉಳಿದೆರಡರಿಂದ ಪರೀಕ್ಷಿಸಬೇಕೆಂಬುದು ಅಲ್ಲಿಯ ಕ್ರಮ. ಅದೇ ಸ್ಥಾನದ ಎಂಟನೆಯ ಅಧ್ಯಾಯವು, ಲೋಕದಲ್ಲಿ ನಾನಾ ವೈದ್ಯಶಾಸ್ತ್ರಗಳು ಪ್ರಚಾರದಲ್ಲಿರುವುದರಿಂದ ಆಪ್ತಜನರು ಮನ್ನಿಸಿದ, ಅರ್ಥ ಸ್ಪಷ್ಟವಾಗಿರುವ ಶಾಸ್ತ್ರವನ್ನೇ ಆರಿಸಿಕೊಳ್ಳಬೇಕೆಂದು ವಿಧಿಸುತ್ತದೆ. ವೈದ್ಯದ ಮಾತು ಹರಡುವುದು ಒಂದು; ಅದು ಯಾರ ಮಾತೆಂಬುದು ಇನ್ನೊಂದು. ಕನ್ನಡನಾಡಿನಲ್ಲಿ ಇವೆರಡೂ ಹೇಗೆ ಕೂಡಿಬಂದುವು, ಎಲ್ಲಿ ಅಗಲಿದುವು ಎಂಬುದು ವಿಚಾರಾರ್ಹವಾಗಿದೆ.

ಹಿಟ್ನಾಳಕ್ಕೆ ನೆರೆಯಾದ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರುಶಾಸನಗಳಿವೆ. ಅವು ಧರ್ಮೋದ್ಯೋಗವನ್ನು ಬೋಧಿಸುವುವಲ್ಲದೆ ವೈದ್ಯವನ್ನಲ್ಲ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನೇರ್ಪಡಿಸಿ ಔಷಧಿಸಸ್ಯಗಳನ್ನು ನೆಡಿಸಿದ ವಿಷಯವು ಗಿರ್ನಾರ್ ಮೊದಲಾದೆಡೆಗಳ ಎರಡನೆಯ ಬಂಡೆಶಾಸನದಲ್ಲಿದೆ. ಆದರೂ ಹಿರಿಯರು ಕಿರಿಯರೆಲ್ಲರೂ ಅರಿಯಲೆಂದು ಬಂಡೆಯ ಮೇಲೆ ಬರೆಯಿಸಿದ ಕೊಪ್ಪಳದ ಲೇಖದಲ್ಲಿ ಲೋಕಪ್ರಸಾರದ ಒಂದು ಲಕ್ಷಣವು ಕಾಣುತ್ತದೆ: ನುಡಿದವನು ದೇವಾನಾಂಪ್ರಿಯನೆಂಬುದು ಮೊದಲಲ್ಲಿಯೇ ವ್ಯಕ್ತವಾಗಿದೆ. ಅದರ ಭಾಷೆಯಾದರೋ ಪ್ರಾಕೃತ.

ವೈದ್ಯವನ್ನು ಕನ್ನಡಕ್ಕೆ ತಂದ ಕೀರ್ತಿಯು ಚಾಳುಕ್ಯರ ಕಾಲದ ಕವಿಗಳಿಗೆ ಸಲ್ಲುತ್ತದೆ. ಜಯಸಿಂಹನ ಆಶ್ರಿತನಾದ ಎರಡನೆಯ ಚಾವುಂಡರಾಯನು ಸುಮಾರು ೧೦೨೫ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದ, ಪಾಕ, ವಿಷಚಿಕಿತ್ಸೆ, ಪಶುವೈದ್ಯಗಳು ಒಂದೆಡೆ ದೊರೆಯುತ್ತವೆ. ಗ್ರಂಥದ ಹೆಸರೇ ಉದ್ದೇಶವನ್ನು ಸಾರುತ್ತದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತಗ್ರಂಥವನ್ನನುಸರಿಸಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ಬರೆದನು. ಮದ್ಯಮಾಂಸಗಳನ್ನು ವರ್ಜಿಸಿದ ಚಿಕಿತ್ಸಾಕ್ರಮವು ಅದರ ವಿಶೇಷ. ಸುಮಾರು ೧೩೬೦ರ ಮಂಗರಾಜನ 'ಖಗೇಂದ್ರಮಣಿದರ್ಪಣ'ವೂ ವಿಷವೈದ್ಯದಲ್ಲಿ ಪೂಜ್ಯಪಾದರನ್ನು ಆಧಾರವಾಗಿ ಹಿಡಿದಿದೆ. ಭಾಷೆ ದೇಶೀಯವಾದರೂ ಕರ್ತೃವಿನ ಹೆಸರೂ ಪೂರ್ವಾಚಾರ್ಯರ ಹೆಸರೂ ಬಿಟ್ಟುಹೋಗಲಿಲ್ಲ.

ಹೆಸರಿದ್ದ ಮಾತ್ರಕ್ಕೆ ಮಾತು ಸತ್ಯವಾಗುವುದೆಂದು ಹೇಳಲಾಗದು. ಚಾಳುಕ್ಯ ರಾಜಕುಮಾರ ಕೀರ್ತಿವರ್ಮನ 'ಗೋವೈದ್ಯ'ದಲ್ಲಿ ಔಷಧದೊಡನೆ ಮಂತ್ರಗಳೂ ಸೇರಿವೆ. ಇದರಿಂದಲೇ ಚರಕನು ಆಪ್ತೋಪದೇಶದ ಬೆನ್ನಿಗೆ ಪ್ರತ್ಯಕ್ಷಾನುಮಾನಗಳನ್ನು ನಿಲ್ಲಿಸಿದುದರ ಔಚಿತ್ಯವು ತಿಳಿಯುತ್ತದೆ. ಹೆಸರಿನಿಂದ ದೊರೆಯುವುದು ಸತ್ಯವಲ್ಲ, ಪ್ರಶ್ನಿಸುವುದಕ್ಕೆ ಒಬ್ಬ ಉತ್ತರವಾದಿ.

ಓಲೆಯ ಗ್ರಂಥಗಳು ಓದುಬಲ್ಲ ಕೆಲವರಿಗೆ ಮಾತ್ರ ಲಭ್ಯವಾಗಿದ್ದುವು. ಮುದ್ರಣವು ಈ ಮಿತಿಯನ್ನು ಸಡಿಲಿಸಿತು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಅಲ್ಪಾಯುವಾದರೂ ಶಾಸ್ತ್ರವಿಷಯಕ್ಕೆ ಕನ್ನಡ ಗದ್ಯವನ್ನು ಹದಗೊಳಿಸಿತು. ಮುಂದೆ ವೈದ್ಯೆಯೂ ಕಾದಂಬರಿಕಾರ್ತಿಯೂ ಆದ ಅನುಪಮಾ ನಿರಂಜನರು 'ತಾಯಿ-ಮಗು' ಮೊದಲಾದ ಪುಸ್ತಕಗಳಿಂದ ಪ್ರಸೂತಿ, ಶಿಶುಪಾಲನೆಗಳ ತಿಳಿವನ್ನು ಮನೆಮನೆಗೆ ಮುಟ್ಟಿಸಿದರು. ಇದೇ ಮುದ್ರಣದ ಆಶ್ರಯದಲ್ಲಿ ಅದ್ಭುತ ಔಷಧಗಳ ಜಾಹೀರಾತುಗಳೂ ಬೆಳೆದುವು; ಅವುಗಳನ್ನು ತಡೆಯಲು ೧೯೫೪ರಲ್ಲಿ ಒಂದು ಶಾಸನವೇ ಬೇಕಾಯಿತು.

ಸಾಮಾಜಿಕ ಜಾಲತಾಣಗಳಲ್ಲಿ ಪ್ರಸಾರವು ಮಿತಿಯನ್ನೇ ಮೀರಿತು. ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಮರಣವೆಂದು ೨೦೨೦ರ ಮಾರ್ಚಿಯಲ್ಲಿ ಘೋಷಿತವಾದುದು ಕಲಬುರಗಿಯದು. ಅದಕ್ಕೆ ಮೊದಲೇ, ಫೆಬ್ರವರಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ರೋಗದೊಡನೆ ಸುಳ್ಳುಸುದ್ದಿಯ ಸಾಂಕ್ರಾಮಿಕವೂ ಹಬ್ಬುತ್ತಿದೆಯೆಂದು ಎಚ್ಚರಿಸಿದ್ದಿತು. ವೈದ್ಯರ ಹಿತವಚನವೂ ಕರ್ತೃವಿಲ್ಲದ ಕಷಾಯದ ವಿಧಿಯೂ ಒಂದೇ ವಾಟ್ಸಾಪಿನಲ್ಲಿ, ಒಂದೇ ವೇಷದಲ್ಲಿ ಬಂದುವು. ೨೦೨೩ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ವೈದ್ಯರು ಜಾಲತಾಣದಲ್ಲಿ ಕೊಡುವ ಮಾಹಿತಿಯು ಪರಿಶೀಲಿಸಬಹುದಾದ ಸತ್ಯವಾಗಿರಬೇಕೆಂಬ ನಿಯಮಗಳನ್ನು ಪ್ರಕಟಿಸಿತು. ಅದೇ ತಿಂಗಳಿನಲ್ಲಿ ಅವುಗಳನ್ನು ತಡೆಹಿಡಿಯಿತು. ಆ ನಿಯಮಗಳಾದರೂ ವೈದ್ಯರನ್ನು ಕುರಿತವೇ. ವೈದ್ಯನಲ್ಲದವನ ಕರ್ತೃಹೀನವಾಕ್ಯವು ಅವುಗಳ ಎಲ್ಲೆಗೆ ಬಾರದು.

ಬಂಡೆ, ಓಲೆ, ಅಚ್ಚು, ಜಾಲತಾಣವೆಂಬ ನಾಲ್ಕರಲ್ಲಿ ಕಡೆಯದು ಅತ್ಯಂತ ವೇಗವುಳ್ಳದ್ದು, ದೇಶಭಾಷೆಗೆ ಅತ್ಯಂತ ಸುಲಭವಾದುದು. ಅದರಲ್ಲಿ ಜಾರಿಹೋದುದು ಆಪ್ತನ ಗುರುತು. ಹೇಳಿದವನ ಹೆಸರು, ವಿದ್ಯೆ, ಆಧಾರ, ದಿನಾಂಕಗಳಿಲ್ಲದ ವೈದ್ಯವಾಕ್ಯವನ್ನು ಮುಂದಕ್ಕೆ ಕಳುಹದಿರುವುದೇ ಓದುಗನಿಗೆ ಉಳಿದಿರುವ ಪರೀಕ್ಷೆ. ಪೂಜ್ಯಪಾದರ ಹೆಸರನ್ನು ಬಿಡದೆ ಕನ್ನಡಿಸಿದ ಸೋಮನಾಥನ ಪದ್ಧತಿಯು ಈ ವಿಷಯದಲ್ಲಿ ಇಂದಿಗೂ ಅನುಸರಣೀಯವಾಗಿದೆ.