ಬರಗಾಲದ ಕೂಲಿ

ಕನ್ನಡ ನಾಡಿನ ಹಿರಿಯರು ‘ಧಾತು ಈಶ್ವರದ ಬರ’ವೆಂದು ಕರೆಯುತ್ತಿದ್ದ ಮಹಾಕ್ಷಾಮವು 1876ರಿಂದ 1878ರ ವರೆಗೆ ಮೈಸೂರು ಸೀಮೆಯನ್ನು ಹಿಂಡಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯ ವೇಳೆಗೆ 41,86,188ಕ್ಕೆ ಇಳಿದಿತ್ತು. ಮಲೆನಾಡು ಹೇಗೋ ಉಸಿರು ಹಿಡಿದುಕೊಂಡಿತು. ಪೆಟ್ಟು ಬಿದ್ದುದು ಕೋಲಾರ, ತುಮಕೂರು, ಚಿತ್ರದುರ್ಗಗಳಂತಹ ಬಯಲುಸೀಮೆಗೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ಒಂದು ವರ್ಷದ ಮಳೆ ತಪ್ಪಿದರೆ ಹಗೇವಿನಲ್ಲಿದ್ದ ರಾಗಿ ಜೋಳಗಳು ಮನೆಯನ್ನು ಕಾಯುತ್ತಿದ್ದುವು. ಎರಡನೆಯ ವರ್ಷವೂ ತಪ್ಪಿದಾಗ ಹಗೇವಿನ ತಳ ಕಂಡಿತು, ದನಗಳು ಸತ್ತುವು, ಜನ ಊರು ಬಿಟ್ಟು ದಾರಿ ಹಿಡಿದರು.

ಹಸಿದವನಿಗೆ ಕೆಲಸ ಕೊಟ್ಟು, ಕೂಲಿಯ ಮೂಲಕ ಅವನಿಗೆ ಅನ್ನ ಕಾಣಿಸುವ ಪದ್ಧತಿಯು ನಮ್ಮ ನಾಡಿನಲ್ಲಿ ಸರ್ಕಾರದ ನಿಯಮವಾಗಿ ರೂಪುಗೊಂಡುದು ಈ ಬರದ ಪೆಟ್ಟಿನಿಂದಲೇ. ಕೆರೆಯ ಏರಿ ಕಟ್ಟಿಸಿ ಬಡವರಿಗೆ ಕೂಳು ಹಾಕುವುದು ಹಿಂದಿನ ಅರಸರಿಗೂ ಪಾಳೆಯಗಾರರಿಗೂ ಪುಣ್ಯಕಾರ್ಯವಾಗಿತ್ತು. ಆದರೆ ಲಕ್ಷಗಟ್ಟಲೆ ಜನ ಒಮ್ಮೆಗೇ ಕೈಯೊಡ್ಡಿ ನಿಂತಾಗ ಪುಣ್ಯದ ಲೆಕ್ಕ ಸಾಲದೆ ಹೋಯಿತು. ಕೆಲಸವು ಎಷ್ಟು ದೂರದಲ್ಲಿರಬೇಕು, ಕೂಲಿ ಎಷ್ಟಿರಬೇಕು, ಹಣ ಯಾರ ಬೊಕ್ಕಸದಿಂದ ಬರಬೇಕು ಎಂಬ ಮೂರು ಪ್ರಶ್ನೆಗಳ ಉತ್ತರದ ಮೇಲೆ ಜನರ ಪ್ರಾಣವು ನಿಂತಿತು.

ಮೊದಲೆರಡು ಪ್ರಶ್ನೆಗಳಿಗೆ ಅಂದಿನ ಆಳರಸರು ಕೊಟ್ಟ ಉತ್ತರವು ಬಹು ಕಠಿನವಾದದ್ದು. 1877ರ ಆದಿಯಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್ಲನು ಮದರಾಸು ಸೀಮೆಯ ಕಾಮಗಾರಿಗಳಲ್ಲಿ ಆಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಅದರ ಮೇಲೆ ಒಂದಿಷ್ಟು ಪುಡಿಗಾಸು ಎಂಬಲ್ಲಿಗೆ ಇಳಿಸಿದನು. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಇದೇ ಟೆಂಪಲ್ಲನು ಮೂರು ವರ್ಷ ಹಿಂದೆ ಬಿಹಾರದ ಬರದಲ್ಲಿ ಧಾರಾಳವಾಗಿ ಧಾನ್ಯ ತರಿಸಿ ಜನರನ್ನು ಉಳಿಸಿದ್ದನು. ಅದಕ್ಕಾಗಿ ದುಂದುಗಾರನೆಂಬ ಬಯ್ಗುಳವನ್ನೂ ಉಂಡಿದ್ದನು. ಆ ಬಯ್ಗುಳದ ಫಲವನ್ನು ದಕ್ಷಿಣದವರು ಅನುಭವಿಸಬೇಕಾಯಿತು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷನು ಇದನ್ನು ಬಲವಾಗಿ ವಿರೋಧಿಸಿ, ಸೆರೆಮನೆಯ ಕೈದಿಗೆ ದೊರೆಯುವಷ್ಟೂ ಆಹಾರವು ಮಣ್ಣು ಹೊರುವ ಈ ಕೂಲಿಗೆ ದೊರೆಯದೆಂದು ತೋರಿಸಿಕೊಟ್ಟನು. ಕೆಲವು ತಿಂಗಳ ಮೇಲೆ ಕೂಲಿ ಏರಿತು. ಆ ಕೆಲವು ತಿಂಗಳು ಎಷ್ಟು ದೀರ್ಘವಾಗಿದ್ದುವೆಂಬುದನ್ನು ಸತ್ತವರೇ ಬಲ್ಲರು.

ದೂರದ ವಿಷಯವೂ ಹಾಗೆಯೇ. ಮೈಯಲ್ಲಿ ಶಕ್ತಿಯಿದ್ದವನಿಗೆ ಅವನ ಊರಿನಿಂದ ಹತ್ತು ಮೈಲಿಯೊಳಗೆ ಕೆಲಸ ಕೊಡಬಾರದೆಂಬ ಕಟ್ಟಳೆ ಬಂದಿತು. ನಿಜವಾಗಿ ಹಸಿದವನು ಎಷ್ಟು ದೂರವಾದರೂ ನಡೆದು ಬರುವನು, ಹಸಿವಿಲ್ಲದವನು ಮನೆಯಲ್ಲಿಯೇ ಉಳಿಯುವನು ಎಂಬುದು ಅದರ ಹಿಂದಿನ ತರ್ಕ. ಕಾಗದದ ಮೇಲೆ ಈ ತರ್ಕ ಸೊಗಸಾಗಿ ಕಾಣುತ್ತದೆ. ಅತ್ಯಂತ ಹಸಿದವನೇ ಹತ್ತು ಮೈಲಿ ನಡೆಯಲಾರದವನೆಂಬುದು ಅದನ್ನು ಬರೆದವರಿಗೆ ಹೊಳೆಯದೆ ಹೋದುದು ಆಶ್ಚರ್ಯ.

ಮೈಸೂರಿನ ಸ್ಥಿತಿ ಬೇರೊಂದು ಬಗೆಯದು. ಆಗ ಚಾಮರಾಜೇಂದ್ರ ಒಡೆಯರು ಇನ್ನೂ ಬಾಲಕರು. ಆಡಳಿತವು ಆಂಗ್ಲ ಕಮಿಷನರರ ಕೈಯಲ್ಲಿತ್ತು. ಇಲ್ಲಿ ಮೊದಲು ಅಲ್ಲಲ್ಲಿ ಚಿಲ್ಲರೆ ಕೆಲಸಗಳು ನಡೆದುವು. ಗಂಜಿ ಕೇಂದ್ರಗಳ ಮುಂದೆ ಜನ ನೆರೆದರು. ದೊಡ್ಡ ಕಾಮಗಾರಿಯ ನಕ್ಷೆ ಅಂದಾಜುಗಳು ಮೊದಲೇ ಸಿದ್ಧವಾಗಿರಲಿಲ್ಲವಾದುದರಿಂದ, ಕೈಕಾಲು ಗಟ್ಟಿಯಿದ್ದವನೂ ಕೆಲಸವಿಲ್ಲದೆ ಗಂಜಿಗೆ ನಿಲ್ಲಬೇಕಾಯಿತು. ನಿಂತು ನಿಂತು ಅವನ ಕೈಕಾಲೂ ಸೋತುವು. 1877ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲಾರ್ಡ್ ಲಿಟನ್ನನು ಬಂದುಹೋದ ಮೇಲೆ ಚಾರ್ಲ್ಸ್ ಎಲಿಯಟ್ಟನು ಮೈಸೂರಿನ ಕ್ಷಾಮಾಧಿಕಾರಿಯಾದನು. ಶಕ್ತರನ್ನು ಗಂಜಿ ಕೇಂದ್ರಗಳಿಂದ ಬೇರ್ಪಡಿಸಿ ಇಂಜಿನಿಯರರ ಕೈಕೆಳಗಿನ ದೊಡ್ಡ ಕೆಲಸಗಳಿಗೆ ಕಳುಹಿಸುವುದು ಅವನ ಕ್ರಮ. ಬೆಂಗಳೂರು ಮೈಸೂರು ರೈಲುದಾರಿಯ ಮಣ್ಣುಕೆಲಸವು ಹೀಗೆ ಕ್ಷಾಮದ ಕೂಲಿಗಳಿಂದ ನಡೆಯಿತು. ಕ್ರಮವೇನೋ ಸರಿಯಾದುದೇ. ಆದರೆ ಹಿರಿಯೂರಿನಿಂದ ಬೆಂಗಳೂರಿಗೇ ನೂರು ಮೈಲಿ. ವೇದಾವತಿಯ ದಡದ ರೈತನಿಗೆ ಆ ರೈಲುದಾರಿಯಿಂದ ಏನು ಪ್ರಯೋಜನ? ಬೆಂಗಳೂರಿನ ವರೆಗೆ ರೈಲಿನಲ್ಲಿ ಬಂದ ಧಾನ್ಯವೂ ಅಲ್ಲಿಂದ ಮುಂದೆ ಚಿತ್ರದುರ್ಗಕ್ಕೆ ಎತ್ತಿನ ಗಾಡಿಯಲ್ಲಿಯೇ ಬರಬೇಕು. ಎತ್ತುಗಳಿಗೆ ದಾರಿಯಲ್ಲಿ ಮೇವಿಲ್ಲ, ನೀರಿಲ್ಲ.

ಇನ್ನು ಹಣದ ಪ್ರಶ್ನೆ. ಬರಕ್ಕೆ ಮುಂಚೆ ಸಂಸ್ಥಾನದ ಬೊಕ್ಕಸದಲ್ಲಿ 63 ಲಕ್ಷ ರೂಪಾಯಿಗಳ ಉಳಿತಾಯವಿತ್ತು. ಬರದ ವೆಚ್ಚವು 160 ಲಕ್ಷವನ್ನು ಮುಟ್ಟಿ, ಕೊನೆಯಲ್ಲಿ ಉಳಿದುದು 80 ಲಕ್ಷ ರೂಪಾಯಿಗಳ ಸಾಲ. ಲಂಡನ್ನಿನ ಮೇಯರನ ಮನೆಯಲ್ಲಿ ತೆರೆದ ಚಂದಾನಿಧಿಯಿಂದ ಬಿತ್ತನೆ ಬೀಜಕ್ಕೂ ಎತ್ತುಗಳಿಗೂ ಸಹಾಯ ಬಂದಿತಾದರೂ ಮುಖ್ಯ ಭಾರವನ್ನು ಹೊತ್ತುದು ಸಂಸ್ಥಾನವೇ. 1881ರ ಮಾರ್ಚಿಯಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಈ ಸಾಲವೂ ಅದರ ಜೊತೆಗೇ ಬಂದಿತು. ತಮ್ಮ ಆಳ್ವಿಕೆಯಲ್ಲದ ಕಾಲದಲ್ಲಿ, ತಾವು ತೀರ್ಮಾನಿಸದ ರೀತಿಯಲ್ಲಿ ಆದ ವೆಚ್ಚವನ್ನು ದಿವಾನ್ ರಂಗಾಚಾರ್ಲು ಅವರೂ ಅವರ ಬಳಿಕ ಬಂದವರೂ ತೀರಿಸಬೇಕಾಯಿತು.

ಭಾರತ ಸರ್ಕಾರವು ಈ ಬರದಿಂದ ಎರಡು ಪಾಠಗಳನ್ನು ಕಲಿಯಿತೆನ್ನಬಹುದು. ಒಂದು, ವರ್ಷವರ್ಷವೂ ಒಂದೂವರೆ ಕೋಟಿ ರೂಪಾಯಿಗಳನ್ನು ಕ್ಷಾಮದ ವಿಮೆಯಾಗಿ ತೆಗೆದಿಡುವ ಏರ್ಪಾಡು. ಇದಕ್ಕಾಗಿ 1878ರಲ್ಲಿ ಹೊಸ ತೆರಿಗೆಗಳೂ ಬಿದ್ದುವು. ಆ ಹಣ ಆಫ್‌ಘಾನ್ ಯುದ್ಧಕ್ಕೆ ಹರಿಯಿತೆಂಬ ದೂರು ಅಂದೇ ಎದ್ದಿತು. ಬರಕ್ಕೆಂದು ಗಂಟು ಕಟ್ಟಿದ ಹಣವು ಬರ ಬರುವವರೆಗೆ ಗಂಟಿನಲ್ಲಿ ಉಳಿಯುವುದು ಯಾವ ಸರ್ಕಾರದಲ್ಲಿಯೂ ಸುಲಭವಲ್ಲ. ಮತ್ತೊಂದು, ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ಕೊಟ್ಟ ವರದಿ. ಮೈಸೂರಿನ ಬರವನ್ನು ಕಣ್ಣಾರೆ ಕಂಡಿದ್ದ ಎಲಿಯಟ್ಟನೇ ಅದರ ಕಾರ್ಯದರ್ಶಿ. ಅಲ್ಲಿಂದ ಹುಟ್ಟಿದ ಕ್ಷಾಮಸಂಹಿತೆಗಳಲ್ಲಿ, ಪ್ರತಿ ಜಿಲ್ಲೆಯೂ ಮಳೆ ಚೆನ್ನಾಗಿರುವಾಗಲೇ ಕಾಮಗಾರಿಗಳ ಪಟ್ಟಿಯನ್ನು ಅಂದಾಜು ಸಹಿತ ಸಿದ್ಧವಾಗಿಟ್ಟುಕೊಂಡಿರತಕ್ಕದ್ದೆಂಬ ನಿಯಮವು ಸೇರಿತು. ನೋಡುವುದಕ್ಕೆ ಗುಮಾಸ್ತರ ಕೆಲಸ. ಆದರೆ 1877ರಲ್ಲಿ ಈ ಪಟ್ಟಿಯೊಂದು ಇದ್ದಿದ್ದರೆ ಎಷ್ಟೋ ಊರುಗಳು ಹಾಳುಬೀಳುತ್ತಿರಲಿಲ್ಲ.

ಮೈಸೂರಿನ ದಿವಾನರು ಇನ್ನೊಂದು ಹೆಜ್ಜೆ ಮುಂದೆ ಹೋದರು. 1880ರ ದಶಕದಲ್ಲಿ ರೈಲುದಾರಿಯು ಹೊಳಲ್ಕೆರೆ, ಚಿಕ್ಕಜಾಜೂರುಗಳ ಮೇಲೆ ಹರಿಹರದ ಕಡೆಗೆ ಬೆಳೆಯಿತು. ಚಿತ್ರದುರ್ಗದ ಪಟ್ಟಣಕ್ಕೆ ಮಾತ್ರ ಕವಲುದಾರಿ ಬಂದುದು 1921ರಲ್ಲಿ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ, ಗುಡ್ಡಗಳ ನಡುವೆ ನುಸುಳುವ ವೇದಾವತಿಗೆ ಅಡ್ಡಲಾಗಿ, ವಾಣೀವಿಲಾಸ ಸನ್ನಿಧಾನದವರ ರಾಜಪ್ರತಿನಿಧಿತ್ವದಲ್ಲಿ, ದಿವಾನ್ ಶೇಷಾದ್ರಿ ಅಯ್ಯರವರು 1898ರಲ್ಲಿ ಕಲ್ಲಿನ ಕಟ್ಟೆಯನ್ನು ಆರಂಭಿಸಿದರು. ಅವರು 1901ರಲ್ಲಿ ತೀರಿಕೊಂಡರು. ಕಟ್ಟೆ ಮುಗಿದುದು 1907ರಲ್ಲಿ. ಸುಮಾರು 30 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯವು ಬರದ ಗಾಬರಿಯಲ್ಲಿ ಹುಟ್ಟಿದುದಲ್ಲ, ಬರವನ್ನು ನೆನೆದು ಕಟ್ಟಿದುದು. ಕಟ್ಟುವಾಗ ಕೂಲಿ ಕೊಟ್ಟಿತು; ಕಟ್ಟಿದ ಮೇಲೆ ಸುಮಾರು 25 ಸಾವಿರ ಎಕರೆಗೆ ನೀರು ಕೊಟ್ಟಿತು. ಆದರೂ ಬಯಲುಸೀಮೆಯ ಮಳೆಯನ್ನು ನಂಬುವಂತಿಲ್ಲ: 1933ರಲ್ಲಿ ಒಮ್ಮೆ ಕೋಡಿ ಬಿದ್ದ ಜಲಾಶಯವು ಮತ್ತೆ ಕೋಡಿ ಬಿದ್ದುದು 89 ವರ್ಷಗಳ ಮೇಲೆ, 2022ರಲ್ಲಿ.

ಸ್ವಾತಂತ್ರ್ಯಾನಂತರ ಕ್ಷಾಮಸಂಹಿತೆಗಳ ವಿಚಾರವು ಹೊಸ ರೂಪ ತಾಳಿತು. 1972ರ ಬರದಲ್ಲಿ ಮಹಾರಾಷ್ಟ್ರವು ತೋರಿಸಿದ ದಾರಿಯನ್ನು ಹಿಡಿದು, 2005ರಲ್ಲಿ ಸಂಸತ್ತು ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯನ್ನು ಮಾಡಿತು. 2006ರ ಫೆಬ್ರುವರಿ 2ರಂದು ಅದು ದೇಶದ 200 ಜಿಲ್ಲೆಗಳಲ್ಲಿ ಜಾರಿಗೆ ಬಂದಾಗ ಕರ್ನಾಟಕದಿಂದ ಸೇರಿದುವು ಐದೇ: ಬೀದರ್, ಗುಲ್ಬರ್ಗ, ರಾಯಚೂರು, ದಾವಣಗೆರೆ, ಚಿತ್ರದುರ್ಗ. ಕೊನೆಯವೆರಡು 1997ರ ವರೆಗೆ ಬಹುಮಟ್ಟಿಗೆ ಒಂದೇ ಜಿಲ್ಲೆಯಾಗಿದ್ದುವೆಂಬುದು ಗಮನಿಸತಕ್ಕದ್ದು.

ಟೆಂಪಲ್ಲನ ಕಟ್ಟಳೆಗಳನ್ನು ಈ ಕಾಯಿದೆಯ ಪಕ್ಕದಲ್ಲಿಟ್ಟು ಓದಿದರೆ ನೂರಮೂವತ್ತು ವರ್ಷಗಳ ಅಂತರ ಕಾಣುತ್ತದೆ. ಅಲ್ಲಿ ಹತ್ತು ಮೈಲಿಯೊಳಗೆ ಕೆಲಸ ಕೂಡದು. ಇಲ್ಲಿ ಐದು ಕಿಲೋಮೀಟರಿನೊಳಗೆ ಕೆಲಸ ಕೊಡಬೇಕು, ಮೀರಿದರೆ ಕೂಲಿಯ ಮೇಲೆ ಶೇಕಡ 10 ಹೆಚ್ಚು ಕೊಡಬೇಕು. ಅಲ್ಲಿ ಬಿಸಿಲಿನಲ್ಲಿ ದಿನವಿಡೀ ದುಡಿತ. ಇಲ್ಲಿ ನೆರಳು, ಕುಡಿಯುವ ನೀರು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸು. ವರ್ಷಕ್ಕೆ ಮನೆಯೊಂದಕ್ಕೆ 100 ದಿನ ಕೆಲಸ. ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯ. ಕೆರೆಯ ಹೂಳು, ಹೊಲದ ಬದು, ಕೃಷಿಹೊಂಡ ಯಾವುದು ಮೊದಲಾಗಬೇಕೆಂದು ಪಟ್ಟಿ ಮಾಡುವ ಅಧಿಕಾರವು ಗ್ರಾಮಸಭೆಗೆ ಬಂದಿತು. ಕ್ಷಾಮಸಂಹಿತೆಯ ಹಳೆಯ ಪಟ್ಟಿಯೇ ಕಚೇರಿಯಿಂದ ಊರಿನ ಕಟ್ಟೆಗೆ ಇಳಿದು ಬಂದಂತಾಯಿತು. ಹಣದಲ್ಲಿಯೂ ಒಂದು ಜಾಣತನವಿತ್ತು. ಕೂಲಿಯನ್ನೆಲ್ಲ ಕೇಂದ್ರವೇ ಕೊಡುವುದು. ಸಾಮಗ್ರಿಯ ವೆಚ್ಚದಲ್ಲಿ ನಾಲ್ಕನೆಯ ಒಂದು ಭಾಗವನ್ನೂ ನಿರುದ್ಯೋಗ ಭತ್ಯವನ್ನೂ ರಾಜ್ಯವು ಕೊಡುವುದು. ಕೆಲಸ ಕೊಟ್ಟರೆ ರಾಜ್ಯಕ್ಕೆ ಹಗುರ, ಕೊಡದಿದ್ದರೆ ಭಾರ.

ಕಾಯಿದೆಯ ಅಕ್ಷರದಂತೆ ಎಲ್ಲವೂ ನಡೆಯಿತೆಂದಲ್ಲ. 15 ದಿನದಲ್ಲಿ ಕೈಸೇರಬೇಕಾದ ಕೂಲಿಯು ತಿಂಗಳುಗಟ್ಟಲೆ ತಡವಾದ ದೂರುಗಳು ದೇಶದ ಎಲ್ಲ ಕಡೆಯಿಂದಲೂ ಬಂದುವು. ತಡವಾದ ದಿನವೊಂದಕ್ಕೆ ಶೇಕಡ 0.05ರಂತೆ ಪರಿಹಾರವೆಂಬ ನಿಯಮವು ಹಸಿದವನ ಒಲೆಯನ್ನು ಉರಿಸುವಷ್ಟು ದೊಡ್ಡದಾಗಿರಲಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ, 100 ದಿನವನ್ನು 150ಕ್ಕೆ ಏರಿಸಲು ಅನುಮತಿ ಬೇಕೆಂದು ರಾಜ್ಯವು ದೆಹಲಿಯನ್ನು ಕೇಳಿಕೊಂಡಿತು, ಉತ್ತರಕ್ಕಾಗಿ ಕಾಯಬೇಕಾಯಿತು.

2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯಿದೆಯ ಸ್ಥಾನದಲ್ಲಿ ಬೇರೊಂದನ್ನು ಅಂಗೀಕರಿಸಿತು. ಅದರಲ್ಲಿ ದಿನಗಳು 125 ಆದುವು. ಕೂಲಿಯ ಸಹಿತವಾದ ವೆಚ್ಚದಲ್ಲಿ ಕೇಂದ್ರಕ್ಕೆ 60, ಕರ್ನಾಟಕದಂತಹ ರಾಜ್ಯಗಳಿಗೆ 40 ಭಾಗವೆಂದು ಹಂಚಿಕೆಯಾಯಿತು. 1881ರಲ್ಲಿ 80 ಲಕ್ಷದ ಸಾಲಪತ್ರದೊಡನೆ ಮೈಸೂರಿಗೆ ಬಂದ ಪ್ರಶ್ನೆಯು ಹೀಗೆ ಮತ್ತೊಮ್ಮೆ ರಾಜ್ಯದ ಬೊಕ್ಕಸದ ಬಾಗಿಲಿಗೆ ಬಂದಿತು.