ಮೆಥಿಲೀನ್ ಬ್ಲೂ: ಬಟ್ಟೆಯ ಬಣ್ಣದಿಂದ ಆರೋಗ್ಯ ಪೂರಕದವರೆಗೆ

ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ನೀರಿಗೆ ಕೆಲವು ಹನಿ ಬೆರೆಸಿ ಕುಡಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ, ದಣಿವು ನೀಗುತ್ತದೆ ಎಂಬ ಪ್ರಚಾರ ಈಚೆಗೆ ಜೋರಾಗಿದೆ. ಆದರೆ ಇದರ ಗುಣಕ್ಕೂ ಕೆಲವು ಅಪಾಯಗಳಿಗೂ ಮೂಲ ಒಂದೇ.

ಚರಿತ್ರೆ

ಜರ್ಮನಿಯ ಬಿಎಎಸ್‌ಎಫ್ ಕಂಪನಿಯ ರಸಾಯನಶಾಸ್ತ್ರಜ್ಞ ಹೈನ್ರಿಕ್ ಕಾರೊ 1876ರಲ್ಲಿ ಇದನ್ನು ಬಟ್ಟೆಯ ಬಣ್ಣವಾಗಿ ತಯಾರಿಸಿದರು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಕಣ್ಣಿಗೆ ಕಾಣಿಸಿದ್ದು ಇದೇ ಬಣ್ಣದ ನೆರವಿನಿಂದ. ಇದು ಮಲೇರಿಯಾ ಪರಾವಲಂಬಿಗೂ ಅಂಟುತ್ತಿತ್ತು. ಅಂಟುವ ಬಣ್ಣ ಕೊಲ್ಲಲೂಬಹುದು ಎಂದು ತರ್ಕಿಸಿದ ಪಾಲ್ ಎರ್ಲಿಕ್, 1891ರಲ್ಲಿ ಪಾಲ್ ಗುಟ್‌ಮನ್ ಜೊತೆಗೂಡಿ ಬರ್ಲಿನ್‌ನ ಇಬ್ಬರು ಮಲೇರಿಯಾ ರೋಗಿಗಳಿಗೆ ಅದನ್ನು ಕೊಟ್ಟರು. ಇಬ್ಬರೂ ಚೇತರಿಸಿಕೊಂಡರು. ಕೃತಕ ರಾಸಾಯನಿಕವೊಂದು ಸೋಂಕು ರೋಗಕ್ಕೆ ಮದ್ದಾದ ಆರಂಭದ ಉದಾಹರಣೆ ಇದು. ಭಾರತದಲ್ಲಿ ಮಲೇರಿಯಾ ರಕ್ತಲೇಪನ ಪರೀಕ್ಷೆಗೆ ಬಳಕೆಯಾಗುತ್ತ ಬಂದ ಜೆಎಸ್‌ಬಿ ಎಂಬ ಬಣ್ಣದಲ್ಲೂ ಮೆಥಿಲೀನ್ ಬ್ಲೂ ಇದೆ.

ಕೆಲಸದ ಬಗೆ

ಇದರ ಗುಣವನ್ನು ಹಾಲಿನ ಡೇರಿಯಲ್ಲಿ ಕಣ್ಣಾರೆ ನೋಡಬಹುದು. ಪರೀಕ್ಷಾನಳಿಕೆಯಲ್ಲಿ 10 ಮಿಲಿ ಹಾಲಿಗೆ 1 ಮಿಲಿ ಬಣ್ಣ ಬೆರೆಸಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಡುತ್ತಾರೆ. ಬ್ಯಾಕ್ಟೀರಿಯಾ ಆಮ್ಲಜನಕವನ್ನು ತಿಂದು ಮುಗಿಸಿದಂತೆ ಬಣ್ಣ ಎಲೆಕ್ಟ್ರಾನ್ ಪಡೆದು ವರ್ಣರಹಿತವಾಗುತ್ತದೆ. ಅರ್ಧ ಗಂಟೆಯೊಳಗೇ ನೀಲಿ ಮಾಯವಾದರೆ ಆ ಹಾಲು ಕಳಪೆ.

ಎಲೆಕ್ಟ್ರಾನ್ ಪಡೆದು ಮತ್ತೆ ಬಿಟ್ಟುಕೊಡುವ ಈ ಗುಣವೇ ರಕ್ತದಲ್ಲಿ ಜೀವ ಉಳಿಸುತ್ತದೆ. ನೈಟ್ರೋಬೆಂಜೀನ್‌ನಂಥ ವಿಷ ಅಥವಾ ಕುಷ್ಠರೋಗದ ಡ್ಯಾಪ್ಸೋನ್ ಮಾತ್ರೆಯಿಂದ ಹಿಮೋಗ್ಲೋಬಿನ್ ಕೆಟ್ಟು ಆಮ್ಲಜನಕ ಸಾಗಿಸಲಾಗದ ಮೆಥಿಮೋಗ್ಲೋಬಿನ್ ಆದಾಗ, ಅದನ್ನು ಸರಿಪಡಿಸಲು ರೋಗಿಯ ತೂಕದ ಪ್ರತಿ ಕಿಲೋಗೆ 1ರಿಂದ 2 ಮಿಲಿಗ್ರಾಂನಂತೆ ರಕ್ತನಾಳಕ್ಕೆ ಕೊಡುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಅನುಮೋದಿಸಿದ್ದು ಈ ಉದ್ದೇಶಕ್ಕೆ.

ಅಪಾಯ

ಪ್ರಮಾಣ ಮೀರಿದರೆ ಇದೇ ಮದ್ದು ಮೆಥಿಮೋಗ್ಲೋಬಿನ್ ಹುಟ್ಟಿಸುತ್ತದೆ. ಜಿ6ಪಿಡಿ ಕಿಣ್ವದ ಕೊರತೆಯುಳ್ಳವರಲ್ಲಿ ಬಣ್ಣ ಎಲೆಕ್ಟ್ರಾನ್ ಪಡೆದ ಉಪಕಾರಿ ರೂಪಕ್ಕೆ ಸರಿಯಾಗಿ ತಿರುಗುವುದಿಲ್ಲ, ಕೆಂಪುರಕ್ತಕಣಗಳು ಒಡೆಯುತ್ತವೆ. ಮೆದುಳಿನಲ್ಲಿ ಸೆರೊಟೋನಿನ್ ಅನ್ನು ಒಡೆಯುವ ಎಂಎಒ-ಎ ಕಿಣ್ವವನ್ನೂ ಇದು ತಡೆಯುವುದರಿಂದ ಸೆರೊಟೋನಿನ್ ಏರುತ್ತದೆ. ಖಿನ್ನತೆಗೆ ಸೆರೊಟೋನಿನ್ ಹೆಚ್ಚಿಸುವ ಫ್ಲುಆಕ್ಸೆಟೀನ್, ಸರ್ಟ್ರಲೀನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಗೊಂದಲ, ಜ್ವರ, ಸ್ನಾಯು ಬಿಗಿತ ಕಾಣಿಸಿ ಪ್ರಾಣಕ್ಕೇ ಕುತ್ತು ಬರಬಹುದು ಎಂದು ಅಮೆರಿಕದ ಅದೇ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಎಚ್ಚರಿಸಿತ್ತು. ಗರ್ಭಿಣಿಯರ ಶಿಶುವಿಗೂ ಹಾನಿಯಿದೆ. ಮೀನಿನ ತೊಟ್ಟಿಗೆಂದು ಮಾರುವ ಈ ಬಣ್ಣದ ದ್ರಾವಣದಲ್ಲಿ ಭಾರಲೋಹಗಳ ಕಲಬೆರಕೆಯ ಭಯವೂ ಇದೆ.

ತೀರ್ಮಾನ

ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ನೆನಪು ಸುಧಾರಿಸಿದ ಸೂಚನೆಗಳಿವೆ. ಆದರೆ ಇದರ ರೂಪಾಂತರವೊಂದನ್ನು ಆಲ್ಝೈಮರ್ ರೋಗಿಗಳಿಗೆ ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಯ ಮುಖ್ಯ ಫಲಿತಾಂಶ 2016ರಲ್ಲಿ ಪ್ರಕಟವಾದಾಗ, ನಿರೀಕ್ಷಿಸಿದ ಪ್ರಯೋಜನ ಸಿಗಲಿಲ್ಲ. ಆರೋಗ್ಯವಂತರು ದಿನನಿತ್ಯ ಸೇವಿಸಲು ಆಧಾರವಾಗುವಂಥ ಗಟ್ಟಿ ಪುರಾವೆ ಇಲ್ಲ. ವೈದ್ಯರ ಕೈಯಲ್ಲಿ ಮೆಥಿಲೀನ್ ಬ್ಲೂ ಅಮೂಲ್ಯ ಔಷಧ. ಅದು ಅಲ್ಲಿಯೇ ಇರಲಿ. ಈಗಾಗಲೇ ಹನಿ ಹಾಕಿಕೊಳ್ಳುತ್ತಿರುವವರು, ಮುಖ್ಯವಾಗಿ ಖಿನ್ನತೆಯ ಮಾತ್ರೆ ನುಂಗುವವರು, ಮೆಥಿಲೀನ್ ಬ್ಲೂ ಸೇವನೆಯನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.