ಬಳಸದಿರುವಾಗ ಮನೆಯ ಕಂಪ್ಯೂಟರ್ ಆರಿಸಬೇಕೆ?

ಕೆಲಸ ಮುಗಿದ ಬಳಿಕ ಕಂಪ್ಯೂಟರನ್ನು ಆರಿಸಬೇಕೆ, ಹಾಗೆಯೇ ಬಿಡಬೇಕೆ? ಮನೆಗಳಿಗೆ ಗಣಕ ಕಾಲಿಟ್ಟ ದಿನದಿಂದಲೂ ಕೇಳಿಬರುತ್ತಿರುವ ಪ್ರಶ್ನೆಯಿದು. ಪದೇ ಪದೇ ಆರಿಸಿದರೆ ಯಂತ್ರ ಬೇಗ ಕೆಡುತ್ತದೆ ಎಂಬುದು ಒಂದು ವಾದ. ಆರಂಭವಾಗುವಾಗ ಅದು ಗಂಟೆಗಟ್ಟಲೆ ಉರಿಯುವಷ್ಟು ವಿದ್ಯುತ್ತನ್ನು ಹೀರುತ್ತದೆ ಎಂಬುದು ಮತ್ತೊಂದು. ಇವೆರಡೂ ಇಂದಿನ ಯಂತ್ರಗಳಿಗೆ ಅನ್ವಯಿಸುವುದಿಲ್ಲ.

ಲೆಕ್ಕ ಏನು ಹೇಳುತ್ತದೆ?

ಸಾಧಾರಣ ಡೆಸ್ಕ್‌ಟಾಪ್ ಕಂಪ್ಯೂಟರ್ ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಚಾಲೂ ಇರುವಾಗ, ಮಾನಿಟರ್ ಸೇರಿ ಸುಮಾರು 60ರಿಂದ 100 ವಾಟ್ ವಿದ್ಯುತ್ ಬಳಸುತ್ತದೆ. 80 ವಾಟ್ ಎಂದೇ ಹಿಡಿಯೋಣ. ದಿನಕ್ಕೆ 16 ಗಂಟೆ ಹೀಗೆ ಬಿಟ್ಟರೆ 1.28 ಯೂನಿಟ್, 30 ದಿನಗಳಿಗೆ 38 ಯೂನಿಟ್‌ಗೂ ಹೆಚ್ಚು. ಯೂನಿಟ್‌ಗೆ 6 ರೂಪಾಯಿಯಂತೆ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 230 ರೂಪಾಯಿ ವ್ಯರ್ಥ. ಲ್ಯಾಪ್‌ಟಾಪ್‌ನ ಬಳಕೆ ಇದಕ್ಕಿಂತ ಬಹಳ ಕಡಿಮೆ. 15 ವಾಟ್‌ನಂತೆ ತಿಂಗಳಿಗೆ ಸುಮಾರು 7 ಯೂನಿಟ್ ಆದೀತು.

ಕರ್ನಾಟಕದ ಮನೆಗಳಿಗೆ ಈ 38 ಯೂನಿಟ್ ಇನ್ನೊಂದು ಕಾರಣಕ್ಕೆ ಮುಖ್ಯ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ವಿದ್ಯುತ್ತಿನ ಮಿತಿ ನಿಗದಿಯಾಗಿದೆ. ಆ ಮಿತಿ ದಾಟಿದರೆ ಹೆಚ್ಚುವರಿ ಬಳಕೆಗೆ ಹಣ ತೆರಬೇಕು. ಬಳಕೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ಲನ್ನೇ ಪಾವತಿಸಬೇಕು. 170 ಯೂನಿಟ್ ಬಳಸುವ ಮನೆಯನ್ನು ಗೆರೆಯಾಚೆ ತಳ್ಳಲು ಹೀಗೆ ದಿನಕ್ಕೆ 16 ಗಂಟೆ ಉರಿಯುವ ಒಂದು ಕಂಪ್ಯೂಟರ್ ಸಾಕು.

ಇನ್ನು ಆರಂಭದ ಖರ್ಚು. ಕಂಪ್ಯೂಟರ್ ಸಿದ್ಧಗೊಳ್ಳಲು ಎರಡು ನಿಮಿಷ ಬೇಕೆಂದೂ ಆಗ 150 ವಾಟ್ ಬಳಸುತ್ತದೆಂದೂ ಭಾವಿಸಿದರೆ ಒಟ್ಟು ಖರ್ಚು 5 ವಾಟ್-ಗಂಟೆ ಮಾತ್ರ. ಅದೇ ಯಂತ್ರ ಸುಮ್ಮನೆ ಕುಳಿತು ಅಷ್ಟನ್ನು ನಾಲ್ಕು ನಿಮಿಷದೊಳಗೆ ಬಳಸಿಬಿಡುತ್ತದೆ.

ಯಂತ್ರ ಸವೆಯುತ್ತದೆಯೆ?

ಹಳೆಯ ಹಾರ್ಡ್ ಡಿಸ್ಕ್‌ಗಳ ಕಾಲದಲ್ಲಿ ಈ ಅಂಜಿಕೆಗೆ ಒಂದಿಷ್ಟು ಆಧಾರವಿತ್ತು. ಅನಂತರದ ಡೆಸ್ಕ್‌ಟಾಪ್ ಡಿಸ್ಕ್‌ಗಳನ್ನು ಸಾಮಾನ್ಯವಾಗಿ 50,000 ಬಾರಿ ಆರಂಭಿಸಿ ನಿಲ್ಲಿಸಿದರೂ ತಾಳಿಕೊಳ್ಳುವಂತೆ ರೂಪಿಸಲಾಗಿದೆ. ದಿನಕ್ಕೆ ಐದು ಬಾರಿಯಂತೆ ಲೆಕ್ಕ ಹಾಕಿದರೂ ಅದು 27 ವರ್ಷಗಳ ಬಾಳಿಕೆ. ಈಗ ವ್ಯಾಪಕವಾಗಿರುವ ಎಸ್‌ಎಸ್‌ಡಿಗಳಲ್ಲಿ ಚಲಿಸುವ ಭಾಗಗಳೇ ಇಲ್ಲ. ನಿರಂತರ ಚಾಲನೆಯಿಂದಲೇ ಫ್ಯಾನ್ ಸವೆಯುತ್ತದೆ, ಒಳಗೆ ಧೂಳು ತುಂಬುತ್ತದೆ, ಶಾಖ ಹೆಚ್ಚುತ್ತದೆ.

ಸ್ಲೀಪ್, ಹೈಬರ್ನೇಟ್, ಶಟ್‌ಡೌನ್

ಈ ಮೂರರ ವ್ಯತ್ಯಾಸ ತಿಳಿದಿರಬೇಕು. ಸ್ಲೀಪ್‌ನಲ್ಲಿ ತೆರೆದ ಕಡತಗಳು ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್‌ನಲ್ಲಿ ಉಳಿಯುತ್ತವೆ. ಬಳಕೆ ಕೆಲವೇ ವಾಟ್. ಯಂತ್ರ ಕ್ಷಣಮಾತ್ರದಲ್ಲಿ ಎಚ್ಚರಗೊಳ್ಳುತ್ತದೆ. ಆದರೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಆಗ ವಿದ್ಯುತ್ ಕಡಿತವಾದರೆ ಉಳಿಸದ ಬರಹ ಮಾಯವಾಗಬಹುದು. ವರ್ಷವಿಡೀ ಬರೆದ ಲೆಕ್ಕವೇ ಆಗಲಿ, ಮಕ್ಕಳ ಪ್ರಾಜೆಕ್ಟ್ ವರದಿಯೇ ಆಗಲಿ, ಸೇವ್ ಮಾಡದೆ ಸ್ಲೀಪ್‌ಗೆ ಕಳುಹಿಸುವುದು ಸಲ್ಲದು.

ಹೈಬರ್ನೇಟ್‌ನಲ್ಲಿ ಅದೇ ಮಾಹಿತಿ ಡಿಸ್ಕ್‌ಗೆ ಬರೆಯಲ್ಪಡುತ್ತದೆ. ಬಳಿಕ ವಿದ್ಯುತ್ ಹೋದರೂ ಹಾನಿಯಿಲ್ಲ. ಶಟ್‌ಡೌನ್‌ನಲ್ಲಿ ಎಲ್ಲವೂ ಮುಚ್ಚಿಕೊಳ್ಳುತ್ತದೆ. ಆದರೆ 2012ರ ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದ್ದು, ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗಲೂ ವಿಂಡೋಸ್‌ನ ಒಂದು ಭಾಗ ಡಿಸ್ಕ್‌ನಲ್ಲಿ ಉಳಿದು, ಮುಂದಿನ ಬಾರಿ ಅಲ್ಲಿಂದಲೇ ಮುಂದುವರಿಯುತ್ತದೆ. ಆದ್ದರಿಂದ ಯಂತ್ರ ನಿಧಾನಗೊಂಡಾಗ ಅಥವಾ ತೊಂದರೆ ಕೊಟ್ಟಾಗ ರೀಸ್ಟಾರ್ಟ್ ಮಾಡುವುದೇ ಸರಿ.

ಸ್ಕ್ರೀನ್‌ಸೇವರ್‌ಗಳಿಂದ ವಿದ್ಯುತ್ ಉಳಿತಾಯವಾಗುವುದಿಲ್ಲ. ಹಳೆಯ ಗಾಜಿನ ಪರದೆಗಳ ಮೇಲೆ ಒಂದೇ ಚಿತ್ರದ ಕಲೆ ಉಳಿಯದಿರಲೆಂದು ಅವು ಹುಟ್ಟಿಕೊಂಡವು. ಇಂದು ಪರದೆಯೇ ತಾನಾಗಿ ಆರುವಂತೆ ಹೊಂದಿಸುವುದು ಮೇಲು. ಕಂಪ್ಯೂಟರ್‌ಗಳ ವಿದ್ಯುತ್ ಪೋಲನ್ನು ತಡೆಯುವ ಉದ್ದೇಶದಿಂದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿಯೇ ಎನರ್ಜಿ ಸ್ಟಾರ್ ಯೋಜನೆ ಆರಂಭಿಸಿತ್ತು. ಸ್ಲೀಪ್‌ನಂತಹ ಸೌಲಭ್ಯಗಳು ಮನೆಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಲು ಇಂಥ ಪ್ರಯತ್ನಗಳೂ ನೆರವಾದವು.

ಸಿಡಿಲಿನ ದಿನಗಳಲ್ಲಿ

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ವೇಳೆ ಶಟ್‌ಡೌನ್ ಮಾತ್ರ ಸಾಲದು. ಆರಿಸಿದ ಯಂತ್ರವೂ ತಂತಿಯ ಸಂಪರ್ಕದಲ್ಲಿಯೇ ಇರುತ್ತದೆ. ಗುಡುಗು ಸಮೀಪಿಸುವ ಮುನ್ನವೇ ಪ್ಲಗ್ಗನ್ನೂ ಇಂಟರ್‌ನೆಟ್ ಕೇಬಲ್ಲನ್ನೂ ಕಳಚಬೇಕು. ಸಿಡಿಲು ಹತ್ತಿರದಲ್ಲೇ ಎರಗುತ್ತಿರುವಾಗ ಅವುಗಳನ್ನು ಮುಟ್ಟಬಾರದು.

ಪಾಲಿಸಬಹುದಾದ ಕ್ರಮ

* ಊಟ-ತಿಂಡಿಯಂತಹ ಅಲ್ಪ ವಿರಾಮಕ್ಕೆ: ಕಡತ ಸೇವ್ ಮಾಡಿ, ಪರದೆ ಆರಿಸಿ ಅಥವಾ ಸ್ಲೀಪ್‌ಗೆ ಕಳುಹಿಸಿ.
* ಎರಡು-ಮೂರು ಗಂಟೆ ಮೀರಿದರೆ: ಹೈಬರ್ನೇಟ್ ಅಥವಾ ಶಟ್‌ಡೌನ್.
* ರಾತ್ರಿ: ಶಟ್‌ಡೌನ್ ಮಾಡಿ, ಯಂತ್ರ ಪೂರ್ಣವಾಗಿ ನಿಂತ ಮೇಲೆ ಗೋಡೆಯ ಸ್ವಿಚ್ ಆರಿಸಿ.
* ತಂತ್ರಾಂಶದ ಅಪ್‌ಡೇಟ್ ನಡೆಯುತ್ತಿದ್ದರೆ: ಮುಗಿಯುವವರೆಗೆ ಕಾಯಿರಿ, ನಡುವೆ ಸ್ವಿಚ್ ತೆಗೆಯಬೇಡಿ.

ರಾತ್ರಿ ಬ್ಯಾಕಪ್ ಅಥವಾ ಡೌನ್‌ಲೋಡ್ ನಡೆಯಬೇಕಿದ್ದರೆ ಯಂತ್ರ ಚಾಲೂ ಇರಲಿ, ಮಾನಿಟರ್ ಮಾತ್ರ ಆರಿಸಿ. ಅಂತಹ ಕಾರಣವಿಲ್ಲದಿದ್ದರೆ ಮಲಗುವ ಮುನ್ನ ಮನೆಯ ದೀಪಗಳೊಂದಿಗೆ ಕಂಪ್ಯೂಟರನ್ನೂ ಆರಿಸುವುದೇ ಜಾಣತನ.